ಅಸಲು ಪಿಕ್ಚರಿಗೆ ಮೊದಲಿನ ಹತ್ತು ನಿಮಿಷ

೧೫ ಜನವರಿ ೧೯೫೬, ರವಿವಾರ. ಗಜೇಂದ್ರಗಡ

ನಿನ್ನೆಯೂ ಟಾಕೀಸಿನ ತಂಬಿನ ಹೊರಗೆ ನಿಂತೇ ಬೀಡಿ ಮುಗಿಸಿದೆ. ಒಳಗೆ ಸರಕಾರದ ಡಾಕ್ಯುಮೆಂಟರಿ ಓಡುತ್ತಿತ್ತು — ಗೊಬ್ಬರದ ಗುಂಡಿ ತೋಡುವುದು ಹೇಗೆ. ಅದನ್ನು ನೋಡಲು ಟಿಕೆಟ್ ತೆಗೆಸಬೇಕೆ? ನಮ್ಮ ಓಣಿಯಲ್ಲೇ ಆರು ಗುಂಡಿ ಇವೆ. ಹಿಂದಿಯಲ್ಲಿ ಒಬ್ಬ ಮೂಗಿನಿಂದ ಮಾತಾಡುತ್ತಾನೆ. ಕೊನೆಗೆ ಎಲ್ಲರೂ ನಗುತ್ತಾರೆ. ಡಾಕ್ಯುಮೆಂಟರಿಯಲ್ಲಿ ನೆರೆಗೆ ಹೊಲ ಕೊಚ್ಚಿ ಹೋದವನೂ ನಗುತ್ತಾನೆ. ನನ್ನ ಹೆಂಡತಿ ಹೊಳೆವ್ವನ ತವರು ಹೊಳೆಮಣ್ಣೂರ. ಮಲಪ್ರಭೆ ಮನೆಯೊಳಗೆ ಬಂದಾಗ ಅಲ್ಲಿ ಯಾರು ನಕ್ಕಿದ್ದರೋ ಕೇಳಬೇಕು.

ಬಾಗಿಲಲ್ಲಿ ಟಿಕೆಟ್ ಹರಿಯುವ ಮದರಸಾಬ ಎಂದಿನಂತೆ ಕರೆದ. "ಒಳಗ ಬರ್ರಿ ಶಿವನಪ್ಪ, ನಿಮ್ಮ ಟಿಕೇಟಿನ್ಯಾಗ ಇದೂ ಸೇರೇತಿ."

"ಅಸಲು ಪಿಕ್ಚರ್ ಹಚ್ಚಿದ ಮ್ಯಾಲೆ ಕರಿ" ಅಂದೆ. ಆರು ವರ್ಷದಿಂದ ಇದೇ ನಡೆದಿದೆ.

೨೯ ಜನವರಿ

ಹಾಡಿಲ್ಲದ ಪಿಕ್ಚರ್. ಮುಂಬಯಿಯ ನಾಲ್ಕು ಮಂದಿ ಓದಿದವರು ತಾವೇ ಕೂಡಿ ತೆಗೆದದ್ದಂತೆ. ಕಂಪನಿ ಇಲ್ಲ, ಹೀರೋ ಇಲ್ಲ. ಒಬ್ಬ ರೈತ ಬಾವಿ ನೋಡುತ್ತಾನೆ. ಬಾವಿ ರೈತನನ್ನು ನೋಡುತ್ತದೆ. ಅರ್ಧ ತಾಸು ಅದೇ. ಅರ್ಧ ತಂಬು ಎದ್ದು ಹೋಯಿತು. ನಾನು ಕೂತೆ — ಬೈಯಬೇಕಾದರೆ ಪೂರ್ತಿ ನೋಡಿರಬೇಕು. ಬಡತನವನ್ನು ಇಷ್ಟು ನಿಧಾನವಾಗಿ ತೋರಿಸುವವನು ಅದನ್ನು ಒಂದು ದಿನವೂ ಉಂಡವನಲ್ಲ.

ಮನೆಗೆ ಬಂದು ಹೊಳೆವ್ವನ ಮುಂದೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. "ಡಾಕ್ಯುಮೆಂಟರಿ ಒಂದೂ ನೋಡದನ ಬೈತೀರಲ್ರಿ, ಅದ್ಹ್ಯಾಂಗ?" ಅಂದಳು. ನಗುತ್ತ ಹಂಚಿಗೆ ಎಡಗೈ ಹೆಬ್ಬೆರಳು ತಾಗಿಸಿಕೊಂಡಳು. ಚಲೋ ಆಯಿತು ಅಂದೆ.

೧೮ ಫೆಬ್ರವರಿ. ಸಂಜೆ

ಜೀಪು ಬಂತು. ಪ್ಯಾಂಟಿನವರು ಮೂವರು. ನೇಕಾರರ ಮೇಲೆ ಡಾಕ್ಯುಮೆಂಟರಿಯಂತೆ — ಹಣೆಬರಹ ನೋಡು. ನಮ್ಮ ಮನೆಗೇ ಬಂದರು, ಮೂಡಗಡೆ ಕಿಟಕಿಯ ಬೆಳಕು ಚಲೋ ಇದೆಯಂತೆ. ಮಗ್ಗದ ಮುಂದಿನ ಕಸ ಬಳಿಸಿದರು. ಕಸವಿಲ್ಲದ ನೇಕಾರನ ಮನೆಯನ್ನು ಸರಕಾರವೇ ನೋಡಬೇಕು.

ಮೊದಲು ನನ್ನನ್ನು ಮಗ್ಗಕ್ಕೆ ಕೂರಿಸಿ ತೆಗೆದರು. ಆಮೇಲೆ ಹೊಳೆವ್ವನಿಗೂ ಮಗ್ಗಕ್ಕೆ ಕೂರು ಅಂದರು. "ನಾ ನೇಯಂಗಿಲ್ರಿ. ಎಳಿ ಜೋಡಸ್ತೀನ್ರಿ" ಅಂದಳು. ನಮ್ಮ ಮನೆಯಲ್ಲಿ ನೇಯುವವನು ನಾನು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವವಳು ಅವಳು. ಅದೇ ತೆಗೆಯುತ್ತೇವೆ ಅಂದರು. ಕೂತಳು. ಕ್ಯಾಮೆರಾದವ ಕೈಯಿಂದ ಸುರು ಮಾಡಿ ಮೆಲ್ಲಗೆ ಮೇಲೆತ್ತುತ್ತಿದ್ದ. ಇನ್ನೊಬ್ಬ ಹಿಂದಿಯಲ್ಲಿ ನಗು, ನಗು ಅನ್ನುತ್ತಿದ್ದ. ಅವಳಿಗೆ ಖರೇನೇ ನಗು ಬಂತು.

ನನಗೆ ಮೈ ಉರಿಯಿತು. ತಂಬಿನಲ್ಲಿ ಕಂಡಕಂಡವರು ಬೀಡಿ ಸೇದುತ್ತ ಇವಳ ಮುಖ, ಇವಳ ನಗು ನೋಡಬೇಕೆ? "ಮಾರಿ ಬ್ಯಾಡ್ರಿ. ಕೈ ಅಷ್ಟ ತೆಗೀರಿ" ಅಂದೆ. ಕ್ಯಾಮೆರಾ ನಿಂತಿತು. ಅವರು ತಕರಾರು ಮಾಡಲಿಲ್ಲ, ಜೀಪು ಹತ್ತಿ ಹೋದರು.

ಈಗ ದೀಪ ಹಚ್ಚುತ್ತ ಕೇಳಿದಳು. "ಒಂದ ಸಲ ನನ್ನ ಮಾರಿ ಪಡದ್ಯಾಗ ಬಂದಿದ್ರ ಏನ್ ಸವೀತಿತ್ರಿ?"

"ನೋಡಾಕ ನನಗ ಮನ್ಯಾಗ ಐತಲ್ಲ" ಅಂದೆ.

೩ ನವೆಂಬರ್

ಇಷ್ಟು ತಿಂಗಳು ಬರೆದಿಲ್ಲ. ಶ್ರಾವಣದಲ್ಲಿ ಹೊಳೆವ್ವ ಹೋದಳು. ವಿಷಮಜ್ವರ. ಹನ್ನೊಂದು ದಿನ.

ಮೊನ್ನೆ ರಾಜ್ಯ ಒಂದಾಯಿತೆಂದು ಪೇಡೆ ಹಂಚಿದರು. ತಿನ್ನಲಿಲ್ಲ. ಮನೆಯಲ್ಲಿ ಅವಳ ಫೋಟೋ ಒಂದೂ ಇಲ್ಲ. ಗದಗಿಗೆ ಹೋಗಿ ತೆಗೆಸೋಣ ಅಂತ ಪ್ರತಿ ವರ್ಷ ಅನ್ನುತ್ತಿದ್ದೆ. ಅವಳು ಕೊನೆಗೆ ಎಳೆ ಜೋಡಿಸಿದ ಸೀರೆ ಮಗ್ಗದ ಮೇಲಿದೆ. ನೇಯ್ಗೆ ಅವಳ ಕೊಂಡಿಗಳ ಸಾಲು ಮುಟ್ಟಲು ಇನ್ನು ನಾಲ್ಕು ಬೆರಳು. ಮುಂದೆ ನೇಯ್ದಿಲ್ಲ. ಕಳಕಕ್ಕ — ನನ್ನ ಹಿರಿಯಕ್ಕ, ಈಗ ಇಲ್ಲೇ ಇದ್ದಾಳೆ — ಯಾಕೆಂದು ಒಮ್ಮೆ ಕೇಳಿದಳು, ಆಮೇಲೆ ಬಿಟ್ಟಳು.

೨೦ ಜನವರಿ ೧೯೫೭, ರವಿವಾರ. ಮುಂಜಾನೆ

ತಿಂಗಳುಗಳ ಮೇಲೆ ನಿನ್ನೆ ತಂಬಿಗೆ ಹೋದೆ. ಪೌರಾಣಿಕ. ದೇವರ ಕಿರೀಟ ಓರೆಯಾಗಿ ಅಂಟು ಕಾಣುತ್ತಿತ್ತು. ಡಾಕ್ಯುಮೆಂಟರಿ ಹಚ್ಚಿದಾಗಲೇ ಮದರಸಾಬ ಕರೆದ, ಒಳಗೆ ಹೋಗಲಿಲ್ಲ. ಹೆಂಗಸರ ಕಡೆ ಅಕ್ಕನೂ ಬಂದಿದ್ದಳು. ಮನೆಗೆ ಬಂದವಳು ಮಾತಿಲ್ಲದೆ ಮಲಗಿದಳು. ಭಕ್ತಿ ಹೆಚ್ಚಾಗಿರಬೇಕು.

ಅದೇ ದಿನ. ಮಧ್ಯಾಹ್ನ

ಉಣ್ಣಲು ನೀಡುತ್ತ ಅಕ್ಕ ಅಂದಳು. "ಹೊಳೆವ್ವ ಪಡದ್ಯಾಗ ಬಂದ್ಳಲ್ಲೋ ತಮ್ಮಾ. ನಿನಗ ಸಂಕಟ ಆಗೇತಿ ಅಂತ ರಾತ್ರಿ ನಾ ಏನೂ ಮಾತಾಡ್ಲಿಲ್ಲ."

ತುತ್ತು ಕೈಯಲ್ಲೇ ಉಳಿಯಿತು. ಮಾರಿ ಕಂಡಿತೇನು ಅಂದೆ.

"ನಮ್ಮ ಮನಿ ಕಂಡ್ತು, ಮಗ್ಗ ಕಂಡ್ತು, ಅಕಿ ಕೈ ಕಂಡ್ವು. ಆಮ್ಯಾಲೆ ನನ್ನ ಕಣ್ಣೇ ಮಂಜಾದ್ವು. ನೀ ನೋಡಿಲ್ಲೇನು?"

ಹೊರಗೆ ಬೀಡಿ ಸೇದುತ್ತಿದ್ದೆ ಅಂತ ಅಕ್ಕನಿಗೆ ಹೇಳಲು ಆಗಲಿಲ್ಲ. ತಂಬಿಗೆ ಓಡಿದೆ. ಮದರಸಾಬ ಹಗ್ಗ ಬಿಗಿಯುತ್ತಿದ್ದ. "ಆ ರೀಲಿನ ಪೆಟಗಿ ಮುಂಜಾನೆ ಮೋಟಾರಿಗೆ ರೋಣಕ್ಕ ಹೋತ್ರಿ. ಕರದ್ನಲ್ರಿ ನಾ."

ಕರೆದಿದ್ದ. ಆರು ವರ್ಷ ಕರೆದಿದ್ದಾನೆ.

೨೨ ಜನವರಿ. ರೋಣ

ನಿನ್ನೆ ಮೋಟಾರು ಸಿಗಲಿಲ್ಲ. ಇವತ್ತು ಬಂದೆ. ಇಲ್ಲಿ ಅದನ್ನು ಒಂದೇ ಆಟಕ್ಕೆ ಹಚ್ಚಿದರಂತೆ. ಜನ ಸೀಟಿ ಹೊಡೆದು ಅಸಲು ಪಿಕ್ಚರ್ ಹಾಕು ಅಂತ ಕೂಗಿದರಂತೆ, ತೆಗೆದು ನರಗುಂದಕ್ಕೆ ಕಳಿಸಿದರಂತೆ. ಥೂ. ಮಗ್ಗ ಅಂದರೇನು ಗೊತ್ತಿಲ್ಲದ ಮಂದಿ. ಎರಡು ಮಿನಿಟು ಕೂರಲಿಕ್ಕೆ ಏನಾಗಿತ್ತು ಇವರಿಗೆ?

ಬರೆದದ್ದು ಈಗ ಓದಿದೆ. ಇವರೆಲ್ಲ ನಾನೇ.

ನಾನು ಬಾಯಿ ಹಾಕುವ ಮೊದಲೇ ನಕ್ಕಿದ್ದಳು. ಅಷ್ಟರೊಳಗೆ ಕ್ಯಾಮೆರಾ ಮುಖಕ್ಕೆ ಬಂದಿತ್ತೋ ಇಲ್ಲವೋ. ಬಂದಿರಬಹುದು. ಬಂದಿರಲಿ.

೨೬ ಜನವರಿ. ನರಗುಂದ

ಎರಡು ದಿನ ಬೇರೆ ಡಾಕ್ಯುಮೆಂಟರಿ ಹಚ್ಚಿದರು. ಎರಡನ್ನೂ ಪೂರ್ತಿ ನೋಡಿದೆ. ಒಂದು ಕೋಳಿಯ ರೋಗದ್ದು. ಇವತ್ತು ತಂಬಿನ ಬಾಗಿಲು ತೆಗೆಯುವ ಮೊದಲೇ ನಿಂತೆ. ಎಲ್ಲಕ್ಕಿಂತ ಮುಂದೆ, ಪರದೆಗೆ ನಾಲ್ಕು ಮೊಳ ಬಿಟ್ಟು, ನೆಲಕ್ಕೆ ಕೂತೆ.

ಬಂತು. ಅದೇ ಮೂಗಿನ ಹಿಂದಿ. ಇದು ಎಲ್ಲಿಯ ಸೀರೆಯೆಂದು ಅವನಿಗೇ ಗೊತ್ತಿಲ್ಲ, ಇನ್ಯಾವುದೋ ಊರಿನ ಹೆಸರು ಹೇಳಿದ. ಸಿಟ್ಟು ಬರಲಿಲ್ಲ. ನಮ್ಮ ಕಿಟಕಿ. ಬಳಿದ ನೆಲ. ಮಗ್ಗದಲ್ಲಿ ನಾನು — ಪರದೆ ತುಂಬ ನನ್ನದೇ ಮಾರಿ. ಹುಬ್ಬು ಗಂಟು, ಎಲ್ಲರನ್ನೂ ಕೀಳಾಗಿ ನೋಡುವ ಕಣ್ಣು. ಹಿಂದೆ ಯಾರೋ ನಕ್ಕರು. ಎಷ್ಟು ಹೊತ್ತಾದರೂ ಆ ಮಾರಿ ಹೋಗಲೇ ಇಲ್ಲ. ನನ್ನನ್ನು ಯಾರು ತೋರಿಸು ಅಂದಿದ್ದರು?

ಆಮೇಲೆ ಅವಳ ಕೈ. ಎಡಗೈ ಹೆಬ್ಬೆರಳಿನ ಮೇಲೆ ಹಂಚಿನ ಕಲೆ. ಎಳೆ ಹಿಡಿದು, ತಿರುವಿ, ಕೊಂಡಿ ಹಾಕುತ್ತಾಳೆ. ಮತ್ತೊಂದು. ಮತ್ತೊಂದು. ಕ್ಯಾಮೆರಾ ಮೇಲೆ ಹೊರಟಿತು. ಬಳೆ. ಮೊಣಕೈ. ಕುಪ್ಪಸದ ತೋಳು. ನಗುತ್ತಿದ್ದಾಳೆ, ಭುಜ ಕುಣಿಯುವುದು ಕಾಣುತ್ತಿತ್ತು. ಕೊರಳಿನ ಗುಂಡು. ಗದ್ದ ಕಂಡಿತು. ಅಷ್ಟರಲ್ಲಿ ನಾನು, "ಮಾರಿ ಬ್ಯಾಡ್ರಿ" —