ಎಡತೋಳು ಬೇಕು

ನವೆಂಬರ್ ೧೪, ಶುಕ್ರವಾರ

ಅಂತೂ ಹೋಗಿ ಚುಚ್ಚಿಸಿಕೊಂಡು ಬಂದೆ. ನಿನ್ನೆ ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳಲ್ಲ, “ಅಪ್ಪಾ, ಫ್ಲೂ ಲಸಿಕೆ ಹಾಕಿಸ್ಕೊಂಡು ಎರಡು ವಾರ ಆಗ್ಲಿ, ಆಮೇಲೆ ಮಗೂನ ಎತ್ಕೊ.” ಅವಧಿಗೆ ಮುಂಚೆ ಹುಟ್ಟಿದ ಕೂಸು, ಶ್ವಾಸಕೋಶ ಇನ್ನೂ ಬಲಿತಿಲ್ಲ. ನಾನು ಈವರೆಗೆ ಗಾಜಿನಾಚೆಯಿಂದ ನೋಡಿದ್ದಷ್ಟೇ.

ಲಸಿಕೆ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ‘ವಲ್ನರಬಲ್’ ಎಂದಿತ್ತು. ಕಾಲೇಜಿನಲ್ಲಿ ಉರುಹೊಡೆದ ಪದ, ಅರ್ಥ ಮರೆತಿತ್ತು. ‘ವ್ಯಾಲ್ಯುಬಲ್’ನ ಅಣ್ಣನಿರಬೇಕೆಂದು ಒಳಗೇ ಹಿಗ್ಗಿದೆ. ಮನೆಗೆ ಬಂದು ನಿಘಂಟು ತೆರೆದರೆ, ಸುಲಭವಾಗಿ ಪೆಟ್ಟು ತಿನ್ನುವವನಂತೆ!

ಆಸ್ಪತ್ರೆಯಲ್ಲಿ ನರ್ಸಮ್ಮ ಎಡತೋಳಿಗೆ ಹತ್ತಿ ಒತ್ತಲು ಬಂದರೆ ನಾನು ಬಲತೋಳು ಚಾಚಿದೆ.

“ಬರೆಯೋ ಕೈ ಅಲ್ವಾ ಅಜ್ಜ? ನೋಯತ್ತೆ, ಆಮೇಲೆ ನನ್ನ ಬೈಬೇಡಿ.”

“ಎಡತೋಳು ಬೇಕಮ್ಮ.”

“ಯಾರಿಗೆ?” ಎಂದು ನಕ್ಕಳು.

“ಮೊಮ್ಮಗಳಿಗೆ,” ಎಂದುಬಿಟ್ಟೆ.

ಸುಳ್ಳೇನಲ್ಲ. ಆದರೆ ಕೈ ಚಾಚಿದ್ದು ಹಳೇ ಅಭ್ಯಾಸದಿಂದ. ಪ್ರತಿ ವರ್ಷ ನಾನೂ ನನ್ನವಳೂ ಒಟ್ಟಿಗೇ ಹಾಕಿಸಿಕೊಳ್ಳುತ್ತಿದ್ದೆವು. ಅವಳು ಮಲಗುತ್ತಿದ್ದುದು ನನ್ನ ಎಡತೋಳಿನ ಮೇಲೆ ತಲೆಯಿಟ್ಟು. “ಇವ್ರಿಗೆ ಬಲಗೈಗೇ ಹಾಕಿ, ಎಡಗೈ ನಂದು,” ಎಂದು ನರ್ಸಿಗೆ ನಾಚಿಕೆಯಿಲ್ಲದೆ ಆಜ್ಞೆ ಮಾಡುತ್ತಿದ್ದಳು. ಅವಳು ಹೋದ ಮೇಲೆ ಇದು ಮೂರನೇ ಚಳಿಗಾಲ. ತೋಳಿಗೆ ಆ ಸುದ್ದಿ ಯಾರೂ ಮುಟ್ಟಿಸಿಲ್ಲ.

ಬಲಗೈ ಈಗಲೇ ಭಾರ, ಅಕ್ಷರವೆಲ್ಲ ಸೊಟ್ಟ. ಎಡಗೈ ಮಾತ್ರ ಹಗುರ, ತಡೆಯಲಾರದಷ್ಟು ಹಗುರ. ಇನ್ನೆರಡು ವಾರ ಅದು ಹೀಗೇ ಕಾಯಬೇಕು. ಕೂಸಿನ ತಲೆ ಎಷ್ಟು ತೂಗೀತು? ಒಂದು ಕಿತ್ತಳೆಹಣ್ಣಿನಷ್ಟು? ಅವಳಿದ್ದಿದ್ದರೆ ಇಬ್ಬರಲ್ಲಿ ಯಾರು ಮೊದಲು ಎತ್ತಿಕೊಳ್ಳುವುದೆಂದು ಜಗಳವೇ—

ಬೆಳಕು ಹೋಗುತ್ತಿದೆ, ಸಾಲು ಕಾಣುತ್ತಿಲ್ಲ.