ಮಷಿನ್ ಬಿಡುವ ಮೊದಲು

ಮಾರ್ಚ್ 18, ಮಂಗಳವಾರ

ಒಡ್ಡಿನಲ್ಲಿ ನೀರು ಕಮ್ಮಿ. ಬೇಸಿಗೆಯಲ್ಲಿ ಇದೇ ಪಾಡು — ಕರೆಂಟ್ ತೆಗೆಯುವ ಮಷಿನ್ ನಿಲ್ಲಿಸು, ನೀರು ತುಂಬಲು ಬಿಡು, ಶಿವಮೊಗ್ಗದ ಆಫೀಸಿನಿಂದ ಫೋನ್ ಬಂದ ಕೂಡಲೇ ಮತ್ತೆ ಶುರು ಮಾಡು. ಅಲ್ಲಿಯವರೆಗೆ ಕೆಳಗೆ ಹೊಳೆ ಬರೀ ಬಂಡೆ. ಮಷಿನ್ ಬಿಟ್ಟರೆ ಒಂದು ಬೀಡಿ ಸೇದುವಷ್ಟರಲ್ಲಿ ನೀರು ಸೊಂಟದ ಮಟ್ಟ.

ನೀರು ಬಿಡುವ ಮೊದಲು ಕೂಗಬೇಕಾದ ಸೈರನ್ ಸುಟ್ಟುಹೋಗಿದ್ದು ಶಿವರಾತ್ರಿಗೆ. ಇನ್ನೂ ರಿಪೇರಿ ಇಲ್ಲ. ಮ್ಯಾನೇಜರ್ ವಿಶ್ವಾರಾಧ್ಯ ಸಾಹೇಬರಿಗೆ ಹೇಳಿ ಹೇಳಿ ನಾಲಿಗೆ ಸವೆಯಿತು. "ಇಯರ್ ಎಂಡ್ ಕಣಪ್ಪ ಹರ್ಷ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ಅಡ್ಜಸ್ಟ್! ಪವರ್‌ಹೌಸಿನಿಂದ ಕೆಳಗಿನ ಹೊಳೆ ಮೆಟ್ಟಿಲು ಕಾಣುವುದಿಲ್ಲ, ಹೊಳೆ ಅಲ್ಲಿ ತಿರುಗುತ್ತದೆ. ಬಟ್ಟೆ ಒಗೆಯುವವರು, ಗಾಳ ಹಾಕುವವರು ಎಲ್ಲ ಅಲ್ಲೇ.

ಅದಕ್ಕೆ ನಾನೇ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ. ಮೆಟ್ಟಿಲ ತಲೆಯಲ್ಲಿ ಟೀ ಅಂಗಡಿ ಇಟ್ಟಿರುವ ಪ್ರೇಮಮ್ಮನಿಗೆ ಫೋನ್. "ಹ್ಞೂಂ, ಆಯ್ತು ಕಣಪ್ಪ" ಎನ್ನುತ್ತಾರೆ, ಸೌಟಿನಿಂದ ಸ್ಟೀಲ್ ತಟ್ಟೆ ಬಡಿಯುತ್ತಾರೆ, ಜನ ಮೇಲೆ ಹತ್ತುತ್ತಾರೆ. ಸ್ವಲ್ಪ ಹೊತ್ತು ಕಾದು ನಾನು ಮಷಿನ್ ಬಿಡುತ್ತೇನೆ. ಅವರ ಗಂಡ ಪುಟ್ಟಯ್ಯ ನಗುತ್ತಾರೆ — "ನನ್ ಹೆಂಡ್ತಿ ತಟ್ಟೆ ಬಡಿಯೋದು ಊಟಕ್ಕಲ್ಲ ಮಾರಾಯ, ಓಡ್ಸೋಕೆ!"

ಮಾರ್ಚ್ 22, ಶನಿವಾರ. ಸಂಜೆ

ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಮಧ್ಯಾಹ್ನ ಆಫೀಸಿನಿಂದ ಆರ್ಡರ್. ಪ್ರೇಮಮ್ಮನಿಗೆ ಫೋನ್ ಮಾಡಿದೆ. "ಹ್ಞೂಂ, ಆಯ್ತು ಕಣಪ್ಪ." ಹಿಂದೆ ಗಲಾಟೆ ಕೇಳಿಸಿತು. ಮೆಟ್ಟಿಲಲ್ಲಿ ಜನ ಜಾಸ್ತಿ ಇರಬೇಕು ಅಂದುಕೊಂಡೆ. ಎಂದಿಗಿಂತ ತುಸು ಹೆಚ್ಚೇ ಕಾದೆ. ಬಿಟ್ಟೆ.

ಪ್ರೇಮಮ್ಮ ಅಲ್ಲಿರಲೇ ಇಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿದ್ದರು, ಮೊಮ್ಮಗಳು ಮೋನಿಕಾಗೆ ಯುಗಾದಿ ಬಟ್ಟೆ ಕೊಡಿಸಲು. ಫೋನ್ ಎತ್ತಿದರು, ದಿನಾ ಹೇಳುವ ಮಾತು ಬಾಯಿಂದ ಬಂತು, ಫೋನ್ ಇಟ್ಟು ಮತ್ತೆ ಅಂಗಡಿಯವನ ಜೊತೆ ಚೌಕಾಸಿಗೆ ನಿಂತರು. ಪಕ್ಕದಲ್ಲೇ ಇದ್ದ, ಆಮೇಲೆ ಫೋನಿನಲ್ಲಿ ನನ್ನ ಹೆಸರು ನೋಡಿದ ಮೋನಿಕಾ ಅಳುತ್ತಾ ಹೇಳಿದ್ದು ಇದು. "ಅಜ್ಜಿಗೆ ಅದು ನಿಮ್ ಫೋನ್ ಅಂತ ನೆನಪೇ ಇಲ್ಲ ಅಣ್ಣ. ಹೇಳ್ಬೇಡಿ. ಸತ್ತೇ ಹೋಗ್ತಾರೆ."

ಅಂಗಡಿ ನೋಡಿಕೊಳ್ಳಲು ಉಳಿದಿದ್ದವರು ಪುಟ್ಟಯ್ಯ. ಬಂಡೆಯ ಮೇಲೆ ಕೂತು ಟೀ ಪಾತ್ರೆ ಉಜ್ಜುತ್ತಿದ್ದರಂತೆ. ಪಾತ್ರೆ ಸಿಕ್ಕಿತು. ಅವರು ಸಿಕ್ಕಿಲ್ಲ.

ಗಾಬರಿಯಲ್ಲಿ ಸಾಹೇಬರಿಗೆ ಎಲ್ಲ ಒದರಿಬಿಟ್ಟೆ. ಫೋನ್ ಮಾಡಿದ್ದು, ಪ್ರೇಮಮ್ಮ ಆಯ್ತು ಅಂದಿದ್ದು... ಎಲ್ಲ.

ಮಾರ್ಚ್ 24, ಸೋಮವಾರ

ಪುಟ್ಟಯ್ಯ ಹೊಳೆಹೊನ್ನೂರಿನ ಈಚೆ ಸಿಕ್ಕಿದರು. ಹುಡುಕುವವರಿಗೆ ಅಂತ ಮಷಿನ್ ನಿಲ್ಲಿಸಿದ್ದರು. ಈಗ ನಿಲ್ಲಿಸುತ್ತಾರೆ, ಬಡ್ಡೀಮಕ್ಕಳು.

ಹೊಸ ಸೈರನ್ ಕೂಡ ಬಂತು. ಒಂದು ತಿಂಗಳು ಇಲ್ಲದ ದುಡ್ಡು ಎರಡು ದಿನದಲ್ಲಿ ಎಲ್ಲಿಂದ ಬಂತು? ಟೆಸ್ಟ್ ಮಾಡು ಎಂದರು. ಒತ್ತಿದೆ. ಆಗತಾನೇ ಪುಟ್ಟಯ್ಯನವರನ್ನು ಮನೆಗೆ ತಂದಿದ್ದರಂತೆ. ಅಲ್ಲಿ ಅಳುತ್ತಿದ್ದವರೆಲ್ಲ ಸೈರನ್ ಕೇಳಿ ಒಮ್ಮೆಲೇ ಸುಮ್ಮನಾದರಂತೆ.

ನಾನು ಹೋಗಲಿಲ್ಲ. ಪವರ್‌ಹೌಸ್ ಹಿಂದೆ ಕೂತು ಅತ್ತೆ.

ಮಾರ್ಚ್ 27, ಗುರುವಾರ

ಶಿವಮೊಗ್ಗದ ಆಫೀಸಿಗೆ ಕರೆಸಿದ್ದರು. ಕಂಪನಿ ಓನರ್ ಸೋಗಾನೆ ಏರ್‌ಪೋರ್ಟಿನಲ್ಲಿ ಇಳಿದು, ಮಾತಾಡಿ, ಅದೇ ವಿಮಾನಕ್ಕೆ ವಾಪಸ್ ಹೋದರಂತೆ. ನನಗೆ ಸಿಕ್ಕಿದ್ದು ವಿಶ್ವಾರಾಧ್ಯ ಸಾಹೇಬರು. ಕಾಫಿ ತರಿಸಿದರು. ಇಷ್ಟು ವರ್ಷದಲ್ಲಿ ಮೊದಲ ಸಲ.

"ನೋಡಪ್ಪ ಹರ್ಷ. ನೀನು ಫೋನ್ ಮಾಡಿದ್ದೆ. ಆಯಮ್ಮ ಒಪ್ಕೊಂಡ್ರು, ಆಮೇಲೆ ಮಾಡ್ಲಿಲ್ಲ. ನಿನ್ ತಪ್ಪೆಲ್ಲಿ? ಕಂಪನಿ ತಪ್ಪೆಲ್ಲಿ? ಸ್ಟೇಷನ್‌ನಲ್ಲಿ ಇಷ್ಟು ಹೇಳು, ಕೇಸು ಬಿದ್ದೋಗುತ್ತೆ."

"ಹೋಗಿದ್ದು ಅವ್ರ ಗಂಡ ಸರ್."

"ಅದಕ್ಕೇ ಹೇಳ್ತಿರೋದು. ಗಂಡನ್ನ ಕಳ್ಕೊಂಡ ಮುದುಕೀನ ಯಾವ ಪೊಲೀಸ್ನೋರು ಒಳಗ್ ಹಾಕ್ತಾರೆ ಮಾರಾಯ? ಯಾರಿಗೂ ಏನೂ ಆಗಲ್ಲ."

ಯಾರಿಗೂ ಏನೂ ಆಗಲ್ಲವಂತೆ! ಕಾಫಿ ಹಾಗೇ ಬಿಟ್ಟು ಎದ್ದೆ. ಹೇಳದಿದ್ದರೆ ಏನು ಸರ್ ಎಂದು ಬಾಗಿಲಲ್ಲಿ ಕೇಳಿದೆ. "ನೀನ್ ಹೋಗ್ತೀಯ ಒಳಗೆ. ಅಷ್ಟೇ."

ಮಾರ್ಚ್ 30, ಭಾನುವಾರ. ಯುಗಾದಿ

ಹೆಂಡತಿ ಮೀರಾ ಬೇವು ಬೆಲ್ಲ ಕೊಟ್ಟಳು. ತಿನ್ನದೆ ಬಟ್ಟಲಿಗೇ ವಾಪಸ್ ಹಾಕಿದೆ.

"ಸುಳ್ಳು ಹೇಳಿ ಅಂತಿಲ್ಲ ನಾನು. ನಡೆದಿದ್ದನ್ನ ನಡೆದಂಗೆ ಹೇಳೋಕೆ ಏನ್ರೀ ಕಷ್ಟ? ನೀವು ಜೈಲಲ್ಲಿ ಕೂತ್ರೆ ಮಗೂನ ಕರ್ಕೊಂಡು ನಾನೆಲ್ಲಿಗೆ ಹೋಗ್ಲಿ?"

ಅವಳು ಹೇಳುವುದರಲ್ಲಿ ತಪ್ಪಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ಹಬ್ಬದ ದಿನ ಕಿರುಚಾಡಿದೆ. ಹೋಳಿಗೆ ಯಾರೂ ಮುಟ್ಟಲಿಲ್ಲ.

ಹೌದು, ನಿಜ ಹೇಳಿದರೆ ನಾನು ಪಾರು. ಪ್ರೇಮಮ್ಮನಿಗೆ ಮಾತ್ರ ಗೊತ್ತಾಗುತ್ತದೆ — ತನ್ನ ಬಾಯಿಂದ ಬಂದ ಒಂದು 'ಆಯ್ತು' ಗಂಡನ ಪ್ರಾಣ ತೆಗೆಯಿತು ಅಂತ. ಆಮೇಲೆ ಆ ಜೀವ ಹೇಗೆ ಅನ್ನ ತಿನ್ನಬೇಕು? ಏರ್ಪಾಡು ನನ್ನದು. ಸೈರನ್ ಇಲ್ಲದೆ ಮಷಿನ್ ಬಿಡಲ್ಲ ಹೋಗ್ರೀ ಎನ್ನುವ ಧೈರ್ಯ ನನಗಿರಲಿಲ್ಲ. ನನ್ನ ಹೇಡಿತನವನ್ನು ಆಯಮ್ಮನ ಕೈಗೆ ಕೊಟ್ಟು, ತಟ್ಟೆ ಬಡಿ ಎಂದೆ.

ಏಪ್ರಿಲ್ 3, ಗುರುವಾರ

ಹನ್ನೊಂದನೇ ದಿನದ ಕಾರ್ಯಕ್ಕೂ ಹೋಗಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಇವತ್ತು ಸಂಜೆ ಪ್ರೇಮಮ್ಮನೇ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಅರ್ಧ ಆಗಿಹೋಗಿದ್ದಾರೆ.

"ಹರ್ಷ, ನಿಜ ಹೇಳಪ್ಪ. ಅವತ್ತು ಬಟ್ಟೆ ಅಂಗಡೀಲಿ ಯಾವ್ದೋ ಫೋನ್ ಬಂದಿತ್ತು. ಏನೋ ಅಂದೆ, ಇಟ್ಟೆ. ನಂಗೆ ಓದೋಕ್ ಬರಲ್ಲ, ಮೋನಿಕಾ ಬ್ಯಾಂಕ್ನೋರ್ದು ಅಂತಾಳೆ. ನಂಗೆ ಮಲಗಿದ್ರೆ ಅದೇ ತಲೆ ಕೊರೀತದೆ. ಅದು ನಿಂದಾ?"

ಅಡುಗೆಮನೆ ಬಾಗಿಲಲ್ಲಿ ಮೀರಾ ನನ್ನನ್ನೇ ನೋಡುತ್ತಿದ್ದಳು. ತಲೆ ಅಲ್ಲಾಡಿಸಿದಳು — ತಪ್ಪು ಮೈಮೇಲೆ ಎಳ್ಕೊಳ್ಳೋದು ಬೇಡ ಅಂತ.

"ನಂದಲ್ಲಮ್ಮ. ನಾನು ಅವತ್ತು ಫೋನೇ ಮಾಡ್ಲಿಲ್ಲ. ಮರೆತೆ."

"ಮರೆತ್ಯಾ?"

"ಹ್ಞೂಂ."

ಎರಡೂ ಕೈಯಲ್ಲಿ ನನ್ನ ಎದೆಗೆ ಗುದ್ದಿದರು. "ನಿನ್ ಮನೆ ಹಾಳಾಗ! ಮರೆಯೋ ವಿಷ್ಯಾನೇನೋ ಅದು, ಪಾಪಿ! ಮನುಷ್ಯ ಇದ್ದ ಕಣೋ ಅಲ್ಲಿ!" ತಡೆಯಲಿಲ್ಲ. ಕೈ ಸೋಲುವ ತನಕ ಗುದ್ದಿದರು. ಆಮೇಲೆ ಹೊಸ್ತಿಲ ಪಕ್ಕ ಕುಸಿದು, ಸೆರಗು ಬಾಯಿಗೆ ಒತ್ತಿಕೊಂಡು, ಒಂದೇ ಮಾತು. "ನಾನಲ್ಲ... ದೇವ್ರೇ, ನಾನಲ್ಲ..."

ಮೋನಿಕಾ ಬಂದು ಕರೆದುಕೊಂಡು ಹೋದಳು. ಮೀರಾ ತಟ್ಟೆ ಹಾಕಿ, ಅನ್ನ ಬಡಿಸಿ, ಒಳಗೆ ಹೋಗಿ ಮಗುವಿನ ಪಕ್ಕ ಮಲಗಿದಳು.

ನಾಳೆ ಬೆಳಿಗ್ಗೆ ಸ್ಟೇಷನ್. ಪ್ರೇಮಮ್ಮನನ್ನೂ ಕರೆದಿದ್ದಾರೆ. ಅಲ್ಲೂ ಇದನ್ನೇ ಹೇಳುತ್ತೇನೆ — ಮಾಡಲಿಲ್ಲ, ಮರೆತೆ. ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಈಗ ಸಾಹೇಬರ ಮೆಸೇಜ್. ಲಾಯರ್ ಜೊತೆ ಅವರೂ ಬರುತ್ತಾರಂತೆ. "ಡೋಂಟ್ ವರಿ. ನಿನ್ ಕೈಲಿ ಹೇಳೋಕಾಗಲ್ಲ ಅಂತ ಗೊತ್ತು. ಫೋನ್ ವಿಷ್ಯ ಆಯಮ್ಮನ ಎದುರೇ ನಾವು ಹೇಳ್ತೀವಿ. ಕಂಪನಿ ಸಿಮ್ ತಾನೇ, ಕಾಲ್ ಡೀಟೇಲ್ಸ್ ತೆಗೆಸಿದೀವಿ."

ಫೋನ್ ಮಾಡಿದೆ. ಸಾಹೇಬರು ಎತ್ತಲಿಲ್ಲ. ಮತ್ತೆ ಮಾಡಿದೆ. ಕಾಲಿಗೆ ಬೀಳ್ತೀನಿ ಸರ್, ಬೇಡ, ನಾನೇ ಒಳಗೆ ಹೋಗ್ತೀನಿ ಎಂದು ಮೆಸೇಜ್ ಹಾಕಿದೆ. ನೋಡಿದ್ದಾರೆ. ಉತ್ತರ ಇಲ್ಲ.

ಪ್ರೇಮಮ್ಮ ಇವತ್ತು ಮಲಗಿರುತ್ತಾರೆ. ಇಷ್ಟು ದಿನ ಆದ ಮೇಲೆ ಒಂದು ನಿದ್ದೆ. ನಾಳೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ, ಸಾಹೇಬರು ಬಾಯಿ ತೆರೆದಾಗ ಆಯಮ್ಮ —