ಕೋತಿಗಳ ಒಪ್ಪತ್ತು

ಅರಳಗುಪ್ಪೆ, ಬುಧವಾರ, ೧೧-೨-೮೧

ಗದಗಿನ ಅತ್ತಿಗೆಗೆ ಮೈದುನನ ನಮಸ್ಕಾರ.

ಇಲ್ಲಿಯ ಗುಡಿಯ ಶಿಲ್ಪಗಳ ಚಿತ್ರ ಬರೆಯಲು ಬಂದವನು, ನಾನು ಇಳಿದುಕೊಂಡಿರುವ ಮನೆಯ ಒಡತಿ ಹೊಂಬಾಳಮ್ಮನನ್ನೇ ಬೆರಗಾಗಿ ನೋಡುತ್ತ ಕೂತಿದ್ದೇನೆ. ಗುಡಿಯ ಮುಂದಿನ ಹುಣಸೆಮರದ ತುಂಬ ಕೋತಿಗಳು. ಹೋದ ವರ್ಷ ಟೂರಿಸ್ಟ್ ಬಸ್ಸಿನ ಕಿಟಕಿಯಿಂದ ಯಾರೋ ಎಸೆದ ಬನ್ನಿಗೆ ಓಡಿದ ತಾಯಿಕೋತಿಯೊಂದು ಅದೇ ಬಸ್ಸಿನ ಚಕ್ರಕ್ಕೆ ಸಿಕ್ಕಿತಂತೆ. ತಿನ್ನಲು ಕೊಡಬೇಡಿ ಎಂದು ಊರವರು ಬೋರ್ಡು ಹಾಕಿದರು; ಜನ ಅದಕ್ಕೇ ಒರಗಿ ನಿಂತು ಬಾಳೆಹಣ್ಣು ಹಂಚಿದರು. ನಾಚಿಕೆಗೆಟ್ಟವರು!

ಈಗ ಬಸ್ಸು ನಿಂತೊಡನೆ ಹೊಂಬಾಳಮ್ಮ ಎದುರು ಹೋಗಿ ಕೈಮುಗಿಯುತ್ತಾರೆ. ಶನಿವಾರವಾದರೆ, “ಏನೂ ಕೊಡ್‌ಬ್ಯಾಡ್ರಪ್ಪ, ಇವತ್ತು ಶನಿವಾರ. ಹನುಮಪ್ಪನ ಮಕ್ಳಿಗೆ ಒಪ್ಪತ್ತು, ಬೆಳಿಗ್ಗೇನೇ ಉಂಡವೆ.” ಬೋರ್ಡಿಗೆ ಬಗ್ಗದ ಜನ ಬನ್ನು ಚೀಲಕ್ಕಿಟ್ಟು, ಮರಕ್ಕೆ ಕೈಮುಗಿದು ಹೋಗುತ್ತಾರೆ! ಸೋಮವಾರವಾದರೆ ಈಶ್ವರನ ಹೆಸರು, ಗುರುವಾರ ರಾಯರದು. ಈಚೆಗೆ ಕೋತಿಗಳು ಹಾರನ್ ಕೇಳಿದರೂ ರಸ್ತೆಗೆ ಇಳಿಯುವುದಿಲ್ಲ.

“ಹಾಗಾದರೆ ಅವು ತಿನ್ನುವುದು ಯಾವತ್ತು?” ಎಂದು ಕೇಳಿದೆ.

“ದಿನಾ ತಿಂತವೆ ಕಣಪ್ಪ, ಹುಣ್ಸೆ ಚಿಗ್ರು, ಆಲದಣ್ಣು, ಕಣ್ತಪ್ಪುಸಿ ನಮ್ ತೋಟದ ಎಳನೀರೂವೆ. ಬಸ್ ಬಂದಾಗ ಮಾತ್ರ ಒಪ್ಪತ್ತು.”

ನನ್ನ ಕೆಮ್ಮು ವಾಸಿಯಾಗಿದೆ, ಅಣ್ಣನಿಗೆ ತಿಳಿಸಿ. ಹೊಂಬಾಳಮ್ಮ ಕೊಬ್ಬರಿ ಮಾರಲು ತಿಪಟೂರಿಗೆ ಹೋಗಿದ್ದಾರೆ. ಇವತ್ತು ಮರದ ಕಾವಲು ನನ್ನದು. ಅಗೋ, ಬಸ್ಸು ಬಂತು! ಬುಧವಾರಕ್ಕೆ ಯಾವ ದೇವರ ಹೆಸರು ಹೇಳಬೇಕೆಂದು ಕೇಳಿಕೊಂಡೇ ಇಲ್ಲವಲ್ಲ!

ಅವಸರದಲ್ಲಿ,
ಈರಣ್ಣ